ಕಾಲುರಿಗೆ ಆಸ್ಪತ್ರೆಗೆ ಹೋಗುವಾಗ ಲಿವರ್ ಚೀಟಿಯನ್ನೂ ಯಾಕೆ ಒಯ್ಯಬೇಕು?

ನಮ್ಮ ಕಡೆ ಲಿವರ್ ಅನ್ನುವ ಮಾತು ಎರಡು ಜಾಗದಲ್ಲಿ ಮಾತ್ರ ಕೇಳಿಸುತ್ತೆ. ಒಂದು, ಭಾನುವಾರ ಮಟನ್ ಅಂಗಡಿ ಮುಂದೆ. ಅಲ್ಲೂ ಲಿವರ್ ಅನ್ನಲ್ಲ, "ಒಂಚೂರು ಈಲಿ ಹಾಕಪ್ಪ" ಅಂತಾರೆ. ಇನ್ನೊಂದು, ಸಾವಿನ ಮನೆ ಮುಂದೆ. "ಲಿವರ್ ಹೋಗಿತ್ತಂತೆ" ಅಂತ ಯಾರಾದರೂ ಪಿಸುಗುಟ್ಟಿದರೆ ಸತ್ತವನು ಕುಡುಕ ಅಂತ ಅರ್ಥ. ಅದಕ್ಕಿಂತ ಮುಂದಕ್ಕೆ ಯಾರೂ ಏನೂ ಕೇಳಲ್ಲ.

ಹೀಗಿರುವಾಗ, ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದ ಹೆಂಗಸಿನ ಸ್ಕ್ಯಾನಿಂಗ್ ಚೀಟಿಯಲ್ಲಿ ಲಿವರ್ ಬಗ್ಗೆ ಒಂದು ಸಾಲು ಬಂದರೆ ಏನಾಗುತ್ತೆ? ಚೀಟಿ ಟ್ರಂಕಿನ ತಳ ಸೇರುತ್ತೆ. ನಾವು ಈಗ ಹೇಳಹೊರಟಿರುವುದು ಅಂಥದ್ದೊಂದು ಚೀಟಿಯ ಕತೆ. ಆ ಚೀಟಿಗೂ ಒಂದು ಕಾಲಿನ ಕಿರುಬೆರಳಿಗೂ ಇರಬಹುದಾದ ನಂಟಿನ ಕತೆ.

ಆ ಹೆಂಗಸು ನಮ್ಮ ನಾಲ್ವರಲ್ಲಿ ಒಬ್ಬರ ದೊಡ್ಡಮ್ಮ. ಯಾರ ದೊಡ್ಡಮ್ಮ ಅಂತ ಬರೆಯಲ್ಲ. "ಬರ್ಕಳಿ, ನನ್ನೆಸ್ರು ಮಾತ್ರ ಹಾಕ್‌ಬೇಡಿ" ಅಂದಿದ್ದಾರೆ. ಕಾಲೇಜಿನ ದಿನಗಳಲ್ಲಿ ನಾವು ನಾಲ್ವರೂ ಅವರ ಮನೆಯ ಮುದ್ದೆ ಬಸ್ಸಾರು ಉಂಡವರೇ, ಹಾಗಾಗಿ ಎಲ್ಲರಿಗೂ ದೊಡ್ಡಮ್ಮನೇ ಅಂದುಕೊಳ್ಳಿ. ಊರು ಪಾವಗಡದ ಕಡೆ. ವಯಸ್ಸು 52. ಶುಗರ್ ಬಂದು ಒಂಬತ್ತು ವರ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ತಿಂಗಳ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಮೂರು ವರ್ಷದ ಹಿಂದೆ ಅವರಿಗೆ ಅಂಗಾಲು ಉರಿ ಶುರುವಾಯಿತು. ಹಗಲು ಅಷ್ಟಿಲ್ಲ. ರಾತ್ರಿ ಮಲಗಿದ ಮೇಲೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ. ಒದ್ದೆ ಬಟ್ಟೆ ಸುತ್ತಿಕೊಂಡು, ಇಲ್ಲವೇ ಚಾಪೆಯಿಂದ ಕಾಲು ಹೊರಗೆ ಚಾಚಿ ಗಾರೆ ನೆಲಕ್ಕೆ ಒತ್ತಿಕೊಂಡು ಮಲಗುತ್ತಿದ್ದರು. ಹೊದಿಕೆ ತಗುಲಿದರೂ ಚುರುಚುರು. ಒಮ್ಮೊಮ್ಮೆ ಪಾದದೊಳಗೆ ಇರುವೆ ಸಾಲು ಹರಿದಂಗೆ. ಪಾವಗಡದ ನೀರಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಮಂಡಿ ನೋವು, ಸೊಂಟ ನೋವು, ಹಲ್ಲು ಕಂದಾಗಿದ್ದು, ಏನೇ ಬಂದರೂ ನಮ್ಮಲ್ಲಿ ನೀರಿನ ಮೇಲೆ ಹಾಕುತ್ತೇವೆ. ದೊಡ್ಡಮ್ಮನೂ ಹಾಗೇ ಅಂದುಕೊಂಡರು. ಆಮೇಲೆ "ಉಷ್ಣ" ಅಂದರು. ಹರಳೆಣ್ಣೆ ತಿಕ್ಕಿಸಿಕೊಂಡರು.

ಒಂದೂವರೆ ವರ್ಷ ಕಳೆದ ಮೇಲೆ ಉರಿ ನಿಂತಿತು. "ವಾಸಿಯಾಯ್ತು ಕಣ್ರೇ, ಈಗ ನೆಮ್ಮದಿಯಾಗಿ ನಿದ್ದೆ ಬರ್ತೈತೆ" ಅಂದರು. ಮನೆಯವರಿಗೂ ಸಮಾಧಾನ. ಹರಳೆಣ್ಣೆಗೆ ಒಳ್ಳೇ ಹೆಸರು ಬಂತು.

ಈ ಬರಹದಲ್ಲಿ ನಿಮಗೆ ಒಂದೇ ಒಂದು ಮಾತು ನೆನಪಿರುವುದಾದರೆ ಇದು ನೆನಪಿರಲಿ: ಶುಗರ್ ಇರುವವರ ಕಾಲುರಿ ತಾನಾಗಿ ನಿಂತರೆ ಅದು ಯಾವಾಗಲೂ ವಾಸಿಯಾದ ಗುರುತಲ್ಲ. ಉರಿಯನ್ನು ಹೇಳಬೇಕಾದ ನರವೇ ಸತ್ತಿರಬಹುದು. ನರಳುವ ನರ ಕೂಗುತ್ತೆ, ಸತ್ತ ನರ ಸುಮ್ಮನಾಗುತ್ತೆ.

ಕಡ್ಲೆಕಾಯಿ ಬಿಡಿಸುವ ಕಾಲ. ದೊಡ್ಡಮ್ಮ ಹೊಲಕ್ಕೆ ಬರಿಗಾಲಲ್ಲೇ ಹೋಗುವವರು. ಒಂದು ಸಂಜೆ ಮೊಮ್ಮಗಳು ಪಡಸಾಲೆಯಲ್ಲಿ ಹೆಜ್ಜೆ ಹೆಜ್ಜೆಗೂ ಬಿದ್ದಿದ್ದ ಕೆಂಪು ಚುಕ್ಕೆ ನೋಡಿ, "ಅಜ್ಜೀ, ಕುಂಕುಮ ಚೆಲ್ಲಿದ್ಯಾ?" ಅಂತ ಕೇಳಿದಳಂತೆ. ಕಾಲೆತ್ತಿ ನೋಡಿದರೆ ಕಿರುಬೆರಳ ಬುಡದಲ್ಲಿ ಜಾಲಿಮುಳ್ಳು, ಒಳಗೇ ಮುರಿದು ಕೂತಿದೆ. ಸುತ್ತಲೂ ಕಪ್ಪಾಗಿದೆ, ವಾಸನೆ ಬೇರೆ. ಚುಚ್ಚಿ ಎಷ್ಟು ದಿನ ಆಗಿತ್ತೋ ಅವರಿಗೇ ಗೊತ್ತಿಲ್ಲ. ಜಾಲಿಮುಳ್ಳು ಚುಚ್ಚಿದರೆ ಎತ್ತೂ ಕುಂಟುತ್ತೆ. ದೊಡ್ಡಮ್ಮ ಕುಂಟಿರಲಿಲ್ಲ.

ಆಸ್ಪತ್ರೆಯಲ್ಲಿ ಹದಿನಾರು ದಿನ. ಕಿರುಬೆರಳು ತೆಗೆದರು. ಪಾದ ಉಳಿಯಿತು.

ಅಲ್ಲಿನ ಡಾಕ್ಟರು ಹಳೇ ಚೀಟಿಗಳನ್ನೆಲ್ಲ ತನ್ನಿ ಅಂದರು. ಸೊಸೆ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರನ್ನೇ ಹಿಡಿದುಕೊಂಡು ಬಂದರು. ಶುಗರ್ ಟೆಸ್ಟು, ಮಾತ್ರೆ ಚೀಟಿ, ಕಣ್ಣಿನ ಚೀಟಿ ಎಲ್ಲ ಇತ್ತು. "ಹೊಟ್ಟೆ ಸ್ಕ್ಯಾನಿಂಗ್ ಯಾವತ್ತಾದ್ರೂ ಮಾಡಿಸಿದ್ರಾ?" ಅಂತ ಡಾಕ್ಟರು ಕೇಳಿದಾಗ ದೊಡ್ಡಮ್ಮ ಇಲ್ಲ ಅಂದರು. ರಾತ್ರಿ, ಪಕ್ಕದ ಬೆಡ್ಡಿನವರು ನಿದ್ದೆ ಹೋದ ಮೇಲೆ, ನಮ್ಮವಳ ಕೈಹಿಡಿದು ಮೆಲ್ಲಗೆ ಹೇಳಿದರು: ಎರಡು ವರ್ಷದ ಹಿಂದೆ ಹೊಟ್ಟೆ ನೋವು ಅಂತ ಸ್ಕ್ಯಾನಿಂಗ್ ಮಾಡಿಸಿದ್ದುಂಟು. ಕಲ್ಲು ಇರಲಿಲ್ಲ. ಆದರೆ ಚೀಟಿಯ ಕೊನೆಯಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಇದೆ ಅಂತ ಮೆಡಿಕಲ್ ಸ್ಟೋರಿನ ಹುಡುಗ ಓದಿ ಹೇಳಿದ್ದ. ಚೀಟಿ ಟ್ರಂಕಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇದೆ.

"ಯಾಕೆ ದೊಡ್ಡಮ್ಮ?" ಅಂದದ್ದಕ್ಕೆ, "ಲಿವರ್ ಕೆಟ್ಟೈತೆ ಅಂದ್ರೆ ಊರಲ್ಲಿ ಏನಂತಾರೆ? ಹೆಂಗಸು ಕದ್ದು ಕುಡೀತಾಳೆ ಅನ್ನಲ್ವಾ?" ಅಂದರು.

ನಮಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಊರು ಹಾಗೇ ಅನ್ನುತ್ತಿತ್ತು, ಅದು ನಮಗೂ ಗೊತ್ತು.

ಆ ಚೀಟಿ ತರಿಸಿ ಡಾಕ್ಟರ ಮುಂದೆ ಇಟ್ಟಾಗ ಅವರು ಬೈಯಲಿಲ್ಲ. ಲಿವರ್ ಮತ್ತು ಕಾಲು, ಎರಡನ್ನೂ ಸೇರಿಸಿ ಒಂದು ಗಂಟೆ ವಿವರಿಸಿದರು. ಆಮೇಲೆ ನಾವು ಓದಿದೆವು, ಇನ್ನಿಬ್ಬರು ವೈದ್ಯರನ್ನು ಕೇಳಿದೆವು. ಅರ್ಥವಾದದ್ದನ್ನು ನಮ್ಮ ಮಾತಲ್ಲಿ ಹೇಳುತ್ತೇವೆ.

ಹಿಂದೆ ಮನೆ ಮುಂದೆ ರಾಗಿ ತುಂಬುವ ಹಗೇವು ಇರುತ್ತಿತ್ತಲ್ಲ, ಲಿವರ್ ಅಂದರೆ ಮೈಯೊಳಗಿನ ಹಗೇವು. ಉಂಡ ಮೇಲೆ ರಕ್ತಕ್ಕೆ ಬರುವ ಹೆಚ್ಚುವರಿ ಸಕ್ಕರೆಯನ್ನು ತುಂಬಿಟ್ಟುಕೊಳ್ಳುತ್ತೆ. ರಾತ್ರಿ, ಹೊಟ್ಟೆ ಖಾಲಿ ಇರುವಾಗ, ಸ್ವಲ್ಪಸ್ವಲ್ಪವೇ ಅಳೆದು ಹೊರಗೆ ಕೊಡುತ್ತೆ. ಯಾವಾಗ ತುಂಬಬೇಕು, ಯಾವಾಗ ಕೊಡುವುದನ್ನು ನಿಲ್ಲಿಸಬೇಕು ಅಂತ ಹೇಳುವುದು ಇನ್ಸುಲಿನ್. ಲಿವರಿನಲ್ಲಿ ಕೊಬ್ಬು ತುಂಬಿಕೊಂಡರೆ ಅದಕ್ಕೆ ಇನ್ಸುಲಿನ್ ಮಾತು ಸರಿಯಾಗಿ ಕೇಳಿಸಲ್ಲ. ರಾತ್ರಿಯಿಡೀ ಸಕ್ಕರೆ ಸುರಿಯುತ್ತಲೇ ಇರುತ್ತೆ. "ರಾತ್ರಿ ಅರ್ಧ ಮುದ್ದೆ ಉಂಡು ಮಲಗಿದ್ದೆ, ಬೆಳಗ್ಗೆ ಖಾಲಿ ಹೊಟ್ಟೇಲೂ ಶುಗರ್ ಜಾಸ್ತಿ ಬಂತು, ಮಿಷನ್ನೇ ಸರಿ ಇಲ್ಲ" ಅಂತ ಎಷ್ಟೋ ಜನ ಜಗಳ ಆಡುತ್ತಾರಲ್ಲ, ಅದರ ಒಂದು ಕಾರಣ ಇದು. ಮಿಷನ್ ಸರಿಯಾಗೇ ಇರುತ್ತೆ.

ಕೊಬ್ಬಿದ ಲಿವರ್ ಸಕ್ಕರೆಯನ್ನು ಮಾತ್ರ ಬಿಡಲ್ಲ. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬನ್ನೂ ರಕ್ತಕ್ಕೆ ತಳ್ಳುತ್ತೆ. ಮೈಯಲ್ಲಿ ಒಂದು ಸಣ್ಣ ಉರಿಯೂತ ಸದಾ ಹೊಗೆಯಾಡುವಂತೆ ಮಾಡುತ್ತೆ. ಬೂದಿ ಮುಚ್ಚಿದ ಕೆಂಡ ಇದ್ದಂಗೆ, ಹೊರಗೆ ಕಾಣಲ್ಲ.

ಈಗ ನರದ ಕಡೆ ಬನ್ನಿ. ಸೊಂಟದ ಹತ್ತಿರ ಬೆನ್ನುಹುರಿಯಿಂದ ಹೊರಟು ಕಾಲ್ಬೆರಳ ತುದಿಯವರೆಗೆ ಹೋಗುವ ನರದ ಎಳೆ ಮೈಯಲ್ಲೇ ಅತಿ ಉದ್ದದ್ದು, ಹೆಚ್ಚುಕಮ್ಮಿ ಒಂದು ಮೀಟರ್. ಆ ನರಕ್ಕೂ ಅನ್ನ ಬೇಕು. ಅದಕ್ಕೆ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳಿವೆ. ಸಕ್ಕರೆ, ಕೊಬ್ಬು, ಉರಿಯೂತ ಮೂರೂ ಸೇರಿ ಆ ನಾಳಗಳನ್ನೂ ನರವನ್ನೂ ಕೆಡಿಸುತ್ತವೆ. ಡ್ರಿಪ್ ಹಾಕಿದ ತೋಟದಲ್ಲಿ ಮೋಟರ್ ಸೊರಗಿದರೆ ಮೊದಲು ಒಣಗುವುದು ಯಾವ ಗಿಡ? ಪೈಪಿನ ಕಟ್ಟಕಡೆಯದು. ನರದಲ್ಲೂ ಹಾಗೇ, ಮೊದಲು ಕಾಲ್ಬೆರಳು, ಆಮೇಲೆ ಪಾದ, ಆಮೇಲೆ ಮೀನಖಂಡ. ಕಾಲುಚೀಲ ಹಾಕಿದಂತೆ ಎರಡೂ ಕಾಲಲ್ಲಿ ಮೇಲಕ್ಕೆ ಏರುತ್ತೆ. ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತೆ. ಶುಗರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ದಿನ ನರದ ತೊಂದರೆ ಬರುತ್ತೆ. ಟೈಪ್ 2 ಶುಗರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಲಿವರಿನಲ್ಲಿ ಕೊಬ್ಬು ಇದೆ. ಇಬ್ಬರೂ ಒಂದೇ ಮನೆಯಲ್ಲಿ ವಾಸ.

ಹಾಗಾದರೆ ಲಿವರಿನ ಕೊಬ್ಬೇ ನರ ಕೆಡಿಸಿತು ಅಂತ ಹೇಳಿಬಿಡಬಹುದಾ? ಇಲ್ಲ. ವಾಟ್ಸ್ಯಾಪಿನಲ್ಲಿ ಯಾರಾದರೂ ಹಾಗೆ ಕಳಿಸಿದರೆ ನಂಬಬೇಡಿ. ಫ್ಯಾಟಿ ಲಿವರ್ ಇರುವ ಶುಗರ್ ರೋಗಿಗಳಲ್ಲಿ ನರದ ತೊಂದರೆಯೂ ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಎರಡು ಒಟ್ಟಿಗೆ ಇವೆ ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತಲ್ಲ. ಎರಡಕ್ಕೂ ಬೇರು ಒಂದೇ ಇರಬಹುದು.

ಆದರೆ ನಮ್ಮನ್ನು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ಚಿಕ್ಕ ವಯಸ್ಸಿಗೇ ಬರುವ ಟೈಪ್ 1 ಶುಗರಿನಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ನರದ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತೆ. ನಮ್ಮ ಅಪ್ಪ ಅಮ್ಮಂದಿರಿಗೆ ಬರುವ ಟೈಪ್ 2ರಲ್ಲಿ ಸಕ್ಕರೆ ಇಳಿಸಿದರೂ ನರಕ್ಕೆ ಅಷ್ಟು ಲಾಭ ಕಾಣುವುದಿಲ್ಲ, ಸ್ವಲ್ಪ ಮಾತ್ರ. ಇನ್ನೂ ಶುಗರ್ ಅಂತ ಹೆಸರು ಬೀಳದ, ಗಡಿಯಲ್ಲಿರುವ ಕೆಲವರಿಗೂ ಪಾದ ಉರಿ ಬಂದಿರುತ್ತೆ. ಅಂದರೆ ಸಕ್ಕರೆ ಒಬ್ಬನೇ ಕಳ್ಳ ಅಲ್ಲ. ರಕ್ತದ ಕೊಬ್ಬು, ಹೊಟ್ಟೆಯ ಸುತ್ತಳತೆ, ಬಿಪಿ, ಬೀಡಿ, ಎಲ್ಲರದ್ದೂ ಕೈವಾಡ ಇದೆ. ಅವರಲ್ಲಿ ಹೆಚ್ಚಿನವರು ಸಂಧಿಸುವ ಅಡ್ಡಾ ಲಿವರ್.

ದೊಡ್ಡಮ್ಮನ ವಿಷಯದಲ್ಲೂ ಇದೇ ಆಗಿತ್ತು. ಅವರ ಶುಗರ್ ನಂಬರ್ ತೀರಾ ಕೆಟ್ಟದ್ದೇನೂ ಇರಲಿಲ್ಲ. ತಿಂಗಳು ತಿಂಗಳೂ "ಪರವಾಗಿಲ್ಲಮ್ಮ" ಅನ್ನಿಸಿಕೊಂಡೇ ಬರುತ್ತಿದ್ದರು. ಯಾರೂ ಅವರ ಪಾದ ಮುಟ್ಟಿ ನೋಡಿರಲಿಲ್ಲ, ಅವರೂ ತೋರಿಸಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಕಾಲು ಚಾಚುವುದು ಮರ್ಯಾದೆ ಅಲ್ಲ ಅನ್ನುವ ಕಾಲದವರು ಅವರು.

ಎರಡು ಚೀಟಿಯನ್ನೂ ಒಟ್ಟಿಗೆ ನೋಡಿದ್ದರಿಂದ ಏನು ಬದಲಾಯಿತು? ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಮನೆಯ ಕವರಿಗೂ ಬೇಕಾಗಬಹುದು.

ಗಾಯ ಮಾಗಿ ಎರಡು ತಿಂಗಳಾದ ಮೇಲೆ ಡಾಕ್ಟರು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಎಸ್‌ಜಿಓಟಿ 48, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1 ಲಕ್ಷ 90 ಸಾವಿರ. ನೋಡುವುದಕ್ಕೆ ಎಲ್ಲಾ ಹೆಚ್ಚುಕಮ್ಮಿ ಸರಿ, ಎಸ್‌ಜಿಓಟಿ ಒಂದು ಚೂರು ಜಾಸ್ತಿ ಅಷ್ಟೇ. ಲ್ಯಾಬಿನವನೂ ಹಾಗೇ ಅಂದ. ಡಾಕ್ಟರು ಫೋನ್ ತೆಗೆದು ಲೆಕ್ಕ ಹಾಕಿದರು. ಇದಕ್ಕೆ ಫಿಬ್-4 ಅಂತಾರೆ. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಬೇಕು: 52 ಗುಣಿಲೆ 48, ಅಂದರೆ 2,496. ಎಸ್‌ಜಿಪಿಟಿಯ ವರ್ಗಮೂಲ ತೆಗೆಯಬೇಕು: 36ರ ವರ್ಗಮೂಲ 6. ಅದನ್ನು ಪ್ಲೇಟ್‌ಲೆಟ್‌ನಿಂದ, ಸಾವಿರದ ಲೆಕ್ಕದಲ್ಲಿ, ಗುಣಿಸಬೇಕು: 190 ಗುಣಿಲೆ 6, ಅಂದರೆ 1,140. ಮೊದಲಿನದನ್ನು ಇದರಿಂದ ಭಾಗಿಸಿದರೆ 2.19.

1.3ಕ್ಕಿಂತ ಕೆಳಗಿದ್ದರೆ ಲಿವರಿನಲ್ಲಿ ಕಲೆಗಟ್ಟಿರುವ ಸಂಭವ ಕಡಿಮೆ (65 ದಾಟಿದವರಿಗೆ ಈ ಗೆರೆ 2). 2.67ಕ್ಕಿಂತ ಮೇಲಿದ್ದರೆ ತಡಮಾಡದೆ ಲಿವರ್ ಡಾಕ್ಟರ ಹತ್ತಿರ ಹೋಗಬೇಕು. ನಡುವೆ ಇದ್ದರೆ ಮುಂದಿನ ಪರೀಕ್ಷೆ ಬೇಕು. ದೊಡ್ಡಮ್ಮ ನಡುವೆ. ಹರೆಯದವರಿಗೆ ಈ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ, ಮೈಯಲ್ಲಿ ಸೋಂಕು, ಜ್ವರ ಇರುವಾಗಲೂ ಮಾಡಬಾರದು. ಆದರೆ ಶುಗರ್ ಇರುವ ದೊಡ್ಡವರಿಗೆ, ಲಿವರ್ ಟೆಸ್ಟ್ ಸರಿ ಇದ್ದರೂ ಇದನ್ನು ಹಾಕಿ ನೋಡಬೇಕು ಅನ್ನುವುದು ಈಗಿನ ವೈದ್ಯರ ರೂಢಿ. ಖರ್ಚು ಬೇರೆ ಇಲ್ಲ, ರಕ್ತ ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಸಾಕು. ನಾವು ಪಿಯುಸಿಯಲ್ಲಿ ವರ್ಗಮೂಲ ಕಲಿತದ್ದು ಮೊದಲ ಸಲ ಉಪಯೋಗಕ್ಕೆ ಬಂದದ್ದು ಇಲ್ಲೇ.

ಸ್ಕ್ಯಾನಿಂಗ್ ಚೀಟಿಯ ಗ್ರೇಡ್ 1, 2, 3 ನೋಡಿ ಹೆದರುವವರಿಗೆ ಒಂದು ಮಾತು. ಆ ಗ್ರೇಡ್ ಹೇಳುವುದು ಕೊಬ್ಬು ಎಷ್ಟು ಕಾಣುತ್ತೆ ಅಂತ. ಮುಂದೆ ಅಪಾಯ ತರುವುದು ಕೊಬ್ಬಿಗಿಂತ ಕಲೆ, ಅಂದರೆ ಲಿವರ್ ಗಾಯವಾಗಿ ಮಾಗಿ ಗಟ್ಟಿಯಾಗುವುದು. ಅದನ್ನು ಅಳೆಯಲು ಫೈಬ್ರೋಸ್ಕ್ಯಾನ್ ಅಂತ ಇದೆ. ಸೂಜಿ ಇಲ್ಲ, ನೋವಿಲ್ಲ, ಪಕ್ಕೆಗೆ ಟಕ್ ಟಕ್ ಅಂತ ತಟ್ಟಿದಂಗೆ ಆಗುತ್ತೆ ಅಷ್ಟೇ. ನಮ್ಮ ತಾಲ್ಲೂಕಿನಲ್ಲಿ ಇಲ್ಲ, ದೊಡ್ಡಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ಗಟ್ಟಿಯಾಗಲು ಶುರುವಾಗಿದೆ, ಸಿರೋಸಿಸ್ ಅಲ್ಲ ಅಂತ ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಸಿರಾ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ "ಕುಡಿಯೋರಿಗೆ ಬರೋದೇ ನನಗೂ ಬಂದೈತಲ್ಲ" ಅಂದರು.

ಇದೇ ಅವಮಾನಕ್ಕೆ ಹೆದರಿ ಚೀಟಿ ಮುಚ್ಚಿಟ್ಟವರು ದೊಡ್ಡಮ್ಮ ಒಬ್ಬರೇ ಅಲ್ಲ ಅಂತ ಕಾಣುತ್ತೆ. ಈ ಕಾಯಿಲೆಗೆ ಮೊದಲಿದ್ದ ಇಂಗ್ಲಿಷ್ ಹೆಸರಲ್ಲಿ 'ಕುಡಿತದಿಂದಲ್ಲದ' ಅನ್ನುವ ಪದವೂ ಇತ್ತು, 'ಕೊಬ್ಬು' ಅನ್ನುವ ಪದವೂ ಇತ್ತು. ಎರಡೂ ರೋಗಿಗಳ ಮೇಲೆ ಕಳಂಕ ಹೊರಿಸುತ್ತವೆ ಅನ್ನುವುದು ಒಂದು ಕಾರಣವಾಗಿ, 2023ರಲ್ಲಿ ಬೇರೆ ಬೇರೆ ದೇಶಗಳ ಲಿವರ್ ತಜ್ಞರು ಸೇರಿ ಹೆಸರನ್ನೇ ಬದಲಾಯಿಸಿದರು. ಈಗ ಎಂಎಎಸ್‌ಎಲ್‌ಡಿ ಅನ್ನುತ್ತಾರೆ. ಹೊಸ ಹೆಸರು ನಮ್ಮ ನಾಲಿಗೆಗೂ ಹೊರಳುತ್ತಿಲ್ಲ. ಆದರೆ ಹೆಸರಿಗೆ ಹೆದರಿ ಜನ ಚೀಟಿ ಮುಚ್ಚಿಡುತ್ತಾರೆ ಅನ್ನುವುದನ್ನು ದೊಡ್ಡ ಡಾಕ್ಟರುಗಳೂ ಒಪ್ಪಿದ್ದಾರಲ್ಲ, ಅದು ಮುಖ್ಯ.

ಕುಡಿಯುವವರ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇವೆ. ದೊಡ್ಡಮ್ಮನ ಬೀದಿಯಲ್ಲೇ ಒಬ್ಬ ಮಾವ ಇದ್ದಾರೆ. ಶುಗರೂ ಇದೆ, ಸಂಜೆ ಕ್ವಾರ್ಟರೂ ಇದೆ, ಕಾಲುರಿಯೂ ಇದೆ. ಉರಿ ಮರೆಯಲಿಕ್ಕೇ ಕುಡಿಯೋದು ಅಂತಾರೆ. ಮದ್ಯ ಲಿವರನ್ನು ಕೆಡಿಸುವುದಲ್ಲದೆ ನರವನ್ನು ನೇರವಾಗಿಯೂ ಕೆಡಿಸುತ್ತೆ, ಊಟ ಬಿಡಿಸಿ ಬಿ1 ವಿಟಮಿನ್ ಖಾಲಿ ಮಾಡಿಸುತ್ತೆ. ಶುಗರ್ ಮಾತ್ರೆ ನುಂಗಿ, ಊಟ ಮಾಡದೆ ಕುಡಿದು ಮಲಗಿದರೆ ರಾತ್ರಿ ಸಕ್ಕರೆ ದಿಢೀರ್ ಇಳಿದು ಜೀವಕ್ಕೇ ಕುತ್ತು, ಯಾಕೆಂದರೆ ಆಗ ಹಗೇವಿನ ಬಾಗಿಲು ತೆಗೆಯಬೇಕಾದ ಲಿವರ್ ಮದ್ಯ ಕರಗಿಸುವುದರಲ್ಲಿ ಮುಳುಗಿರುತ್ತೆ. ಮಾವನಿಗೆ ಇದನ್ನು ಹೇಳಿ ನೋಡಿದೆವು. "ನೀವು ಪೇಪರ್‌ನೋರು, ಬರೀರಿ" ಅಂದರು.

ಇನ್ನು ಮಾತ್ರೆಗಳು. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ನೀವಾಗಿ ನಿಲ್ಲಿಸಬೇಡಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುತ್ತೆ. ಬಿ12 ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತೆ, ಉರಿಯುತ್ತೆ. ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಿಗೆ ಇನ್ನೂ ಬೇಗ. ಶುಗರಿನ ನರ ತೊಂದರೆ ಅಂದುಕೊಂಡದ್ದರಲ್ಲಿ ಒಂದು ಪಾಲು ಇದೇ ಆಗಿದ್ದರೆ, ಇದು ಸರಿಪಡಿಸಬಹುದಾದ ಪಾಲು. ಅದಕ್ಕೇ ಡಾಕ್ಟರನ್ನು ಕೇಳಿ ಬಿ12 ಪರೀಕ್ಷೆ ಮಾಡಿಸಿ. ಇಲ್ಲೊಂದು ತೊಡಕಿದೆ. ಬಿ12 ಕೂಡಿಡುವ ಉಗ್ರಾಣವೂ ಲಿವರ್ರೇ. ಲಿವರ್ ಕೆಟ್ಟಾಗ ಅದು ರಕ್ತಕ್ಕೆ ಸೋರಿ, ಪರೀಕ್ಷೆಯಲ್ಲಿ ನಂಬರ್ ಚೆನ್ನಾಗಿ ಕಾಣಬಹುದು. ಲಿವರ್ ಚೀಟಿ ಮುಂದಿದ್ದರೆ ಡಾಕ್ಟರು ಆ ನಂಬರನ್ನು ಬೇರೆ ಕಣ್ಣಿಂದ ನೋಡುತ್ತಾರೆ.

ನರದ ಉರಿಗೆ ಕೊಡುವ ಮಾತ್ರೆಗಳಲ್ಲಿ ಡುಲೊಕ್ಸೆಟಿನ್ ಅಂತ ಒಂದಿದೆ. ಬಹಳ ಜನಕ್ಕೆ ಒಳ್ಳೇದೇ, ಆದರೆ ಲಿವರ್ ಕೆಟ್ಟಿರುವವರಿಗೆ ಕೊಡಬಾರದು. ಅದೇ ಕೆಲಸಕ್ಕೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಲಿವರಿಗೆ ಹೊರೆ ಹಾಕಲ್ಲ, ಕಿಡ್ನಿ ಮೂಲಕ ಹೋಗುತ್ತವೆ, ಹಾಗಾಗಿ ಕಿಡ್ನಿ ನೋಡಿ ಅಳತೆ ಹಾಕಬೇಕು. ಸ್ಕ್ಯಾನಿಂಗ್ ಚೀಟಿ ಟ್ರಂಕಲ್ಲಿದ್ದರೆ ಕಾಲು ನೋಡುವ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಶೀರ್ಷಿಕೆಯಲ್ಲಿ ನಾವು ಕೇಳಿದ ಪ್ರಶ್ನೆಗೆ ನೇರ ಉತ್ತರ ಇದು.

ಮೆಡಿಕಲ್ ಸ್ಟೋರಿನಲ್ಲಿ "ಕಾಲು ನೋವಿಗೆ ಒಂದೆರಡು ಕೊಡಪ್ಪ" ಅಂತ ತಂದು ನುಂಗುವ ನೋವಿನ ಮಾತ್ರೆ ನರದ ಉರಿಗೆ ಕೆಲಸ ಮಾಡುವುದೇ ಅಪರೂಪ, ಕಿಡ್ನಿ ಮಾತ್ರ ಸವೆಯುತ್ತೆ. ಪೊಟ್ಟಣ ಕಟ್ಟಿಕೊಡುವ ಪುಡಿಗಳದ್ದು ಇನ್ನೂ ದೊಡ್ಡ ಕತೆ. ಅಮೃತಬಳ್ಳಿ ಕಷಾಯ ಶುಗರಿಗೆ ಒಳ್ಳೇದು ಅಂತ ನಮ್ಮಲ್ಲಿ ಮನೆಮನೆಯಲ್ಲೂ ಕುಡಿಯುತ್ತಾರೆ, ದೊಡ್ಡಮ್ಮನೂ ಕುಡಿಯುತ್ತಿದ್ದರು. ಕೊರೊನಾ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರ ಲಿವರಿಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈನ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರದ್ದು. ನಾವು ಹೇಳುವುದಿಷ್ಟೇ, ಏನು ಕುಡಿಯುತ್ತೀರಿ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ದೊಡ್ಡಮ್ಮನ ಡಾಕ್ಟರು ನಿಲ್ಲಿಸಿ ಅಂದರು, ನಿಲ್ಲಿಸಿದ್ದಾರೆ.

ಲಿವರಿನಲ್ಲಿ ಸಮಾಧಾನದ ವಿಷಯ ಏನೆಂದರೆ ಅದು ಕ್ಷಮಿಸುತ್ತೆ. ಮೈತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೆ ಕೊಬ್ಬು ಕರಗಲು ಶುರು, ಏಳರಿಂದ ಹತ್ತು ಭಾಗ ಇಳಿದರೆ ಉರಿಯೂತವೂ ಇಳಿಯುತ್ತೆ, ಕಲೆಯೂ ಕೆಲವರಲ್ಲಿ ಮಾಯುತ್ತೆ. ದೊಡ್ಡಮ್ಮ 68 ಕೆಜಿ ಇದ್ದರು. ಐದು ಭಾಗ ಅಂದರೆ ಮೂರೂವರೆ ಕೆಜಿಯೂ ಇಲ್ಲ. ಮುದ್ದೆಯಿಂದ ಶುಗರ್ ಬರಲ್ಲ ಅಂತ ಎರಡು ಮುದ್ದೆ ಉಣ್ಣುತ್ತಿದ್ದರು, ಒಂದಕ್ಕೆ ಇಳಿಸಿ ಸೊಪ್ಪು, ಕಾಳು ಜಾಸ್ತಿ ಮಾಡಿದ್ದಾರೆ. ಕಷ್ಟವಾದದ್ದು ಟೀ. ಹೊಲದಲ್ಲಿ, ಸಂಘದ ಮೀಟಿಂಗಲ್ಲಿ, ನೆಂಟರ ಮನೆಯಲ್ಲಿ ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಏಳು ತಿಂಗಳಲ್ಲಿ 64ಕ್ಕೆ ಬಂದಿದ್ದಾರೆ. ನಮ್ಮ ಜನ ಸಣ್ಣಗೆ ಕಂಡರೂ ಹೊಟ್ಟೆ ಮುಂದೆ ಬಂದಿರುತ್ತೆ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಲಿವರ್ ಕಡೆ ಒಮ್ಮೆ ನೋಡಬೇಕು. ಮನೆಮನೆಗೆ ಬರುವ ಆಶಾ ಅಕ್ಕ ಟೇಪ್ ಹಿಡಿದು ಅಳೆಯುವುದು ಇದಕ್ಕೇ. ಸಕ್ಕರೆ, ಬಿಪಿ ನೋಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನೂ ಸೇರಿಸಿದ್ದು 2021ರ ಫೆಬ್ರವರಿಯಲ್ಲಿ. 30 ದಾಟಿದವರು ನಾಚಿಕೆಪಡದೆ ಅಳೆಸಿಕೊಳ್ಳಿ.

ನರ ಲಿವರಿನಷ್ಟು ಉದಾರಿ ಅಲ್ಲ. ಒಮ್ಮೆ ಪೂರ್ತಿ ಜಡವಾದ ಪಾದಕ್ಕೆ ಸ್ಪರ್ಶ ಮರಳುವುದು ಕಷ್ಟ. ಇರುವುದನ್ನು ಉಳಿಸಿಕೊಳ್ಳಬೇಕು, ಜಡವಾದ ಜಾಗವನ್ನು ಕಣ್ಣಿಂದ ಕಾಯಬೇಕು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಲ್ಲಿ. ಶುಗರ್ ಇರುವವರನ್ನು ಕಣ್ಣು ಮುಚ್ಚಿ ಕಾಲು ಚಾಚಿ ಕೂರಿಸಿ. ನಿಮ್ಮ ತೋರುಬೆರಳಿಂದ ಅವರ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದಾಗೆಲ್ಲ ಅವರು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ಪಾದ ಜಡವಾಗುತ್ತಿದೆ ಅಂತ ಲೆಕ್ಕ, ಡಾಕ್ಟರಿಗೆ ತೋರಿಸಬೇಕು. ಜೋಮಿಗೆಲ್ಲ ಶುಗರೇ ಕಾರಣ ಅಲ್ಲ. ಸೊಂಟದಲ್ಲಿ ನರ ಒತ್ತುವುದು, ಥೈರಾಯ್ಡ್, ಕುಷ್ಠ ಕೂಡ ಇರಬಹುದು, ಅದನ್ನು ಅವರು ನೋಡುತ್ತಾರೆ.

ನಾವು ಇದನ್ನು ದೊಡ್ಡಮ್ಮನ ಮನೆ ಜಗಲಿಯ ಮೇಲೆ ಮಾಡಿದೆವು. ಬೀದಿಯವರೆಲ್ಲ ಸೇರಿದರು. ಮಕ್ಕಳಿಗೆ ಆಟ, ಕಚಗುಳಿಗೆ ನಕ್ಕು ನಕ್ಕು ಸಾಕಾದವು. ದೊಡ್ಡಮ್ಮ ಐದರಲ್ಲಿ ಒಂದೂ ಹೇಳಲಿಲ್ಲ. ಅವರಿಗೆ ಈಗ ಇರುವುದು ಐದೇ. ಸಂಜೆ ಕ್ವಾರ್ಟರಿನ ಮಾವ ತಮಾಷೆಗೆ ಬಂದು ಕೂತವರು, ಆರರಲ್ಲಿ ನಾಲ್ಕು ತಪ್ಪಿದರು. ಕಣ್ಣು ತೆಗೆದು "ಮುಟ್ಟೇ ಇಲ್ಲ ನೀವು, ಸುಳ್ಳು ಹೇಳ್ತೀರಾ" ಅಂತ ರೇಗಿದರು. ಮುಟ್ಟಿದ್ದನ್ನು ಬೀದಿಯೆಲ್ಲ ನೋಡಿತ್ತು. ಮಾರನೇ ದಿನ ಆಸ್ಪತ್ರೆಗೆ ಹೋಗಿದ್ದರಂತೆ.

ಜಡವಾದ ಪಾದ ಇರುವವರು ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟು ಕೂರಬೇಡಿ. ಬೆಂದರೂ ಗೊತ್ತಾಗಲ್ಲ. ಒಲೆ ಮುಂದೆ ಕಾಲು ಕಾಯಿಸಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ, ಬೆಳಗ್ಗೆಯೇ ಹೋಗಿ ಬನ್ನಿ. ಕೊಂಡ ಹಾಯುವ ಹರಕೆ ಇದ್ದರೆ ಮನೆಯಲ್ಲಿ ಬೇರೆಯವರು ತೀರಿಸಲಿ. ನರದ ತೊಂದರೆ ಪಾದಕ್ಕೇ ನಿಲ್ಲುವುದಿಲ್ಲ ಅನ್ನುವುದನ್ನೂ ತಿಳಿದಿರಿ. ಎದ್ದು ನಿಂತಾಗ ತಲೆ ಸುತ್ತುವುದು, ಉಂಡದ್ದು ಹೊಟ್ಟೆಯಲ್ಲೇ ನಿಂತಂತಾಗುವುದು, ಗಂಡಸರ ಹಾಸಿಗೆಯ ತೊಂದರೆ, ಇವಕ್ಕೂ ಅದು ಕಾರಣವಾಗಬಹುದು. ಹೃದಯಾಘಾತ ಕೂಡ ಎದೆನೋವಿಲ್ಲದೆ ಬರಬಹುದು. ಶುಗರ್ ಇರುವವರು ಸುಮ್ಮನೆ ಬೆವತು, ಉಸಿರು ಕಟ್ಟಿ, ಸುಸ್ತಾಗಿ ಕುಸಿದರೆ ಗ್ಯಾಸ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ, ಗಾಡಿ ಹುಡುಕಿ.

ದೊಡ್ಡಮ್ಮನ ಚಪ್ಪಲಿ ವಿಷಯ ಇನ್ನೂ ಬಗೆಹರಿದಿಲ್ಲ. ಡಾಕ್ಟರು ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಮೆತ್ತನೆ ರಬ್ಬರಿನದು, ಹಿಂದೆ ವೆಲ್ಲೂರಿನ ಕಡೆ ಕುಷ್ಠ ಬಂದು ಪಾದ ಜಡವಾದವರಿಗಾಗಿ ಬಳಕೆಗೆ ತಂದದ್ದು, ಈಗ ಶುಗರಿನವರಿಗೂ ಅದೇ. ಮನೆಯೊಳಗೂ ಹಾಕಿಕೊಳ್ಳಬೇಕು ಅಂದಿದ್ದಾರೆ. ಹೊಲಕ್ಕೆ ಹಾಕಿಕೊಂಡು ಹೋಗಲು ಒಪ್ಪಿದರು. ಹೊಸಿಲು ದಾಟಿ ಒಳಗೆ, ಅದರಲ್ಲೂ ಅಡುಗೆಮನೆಗೆ, ಚಪ್ಪಲಿ ಕಾಲಲ್ಲಿ ಬರಲ್ಲ ಅಂತ ಹಟ. ಸೊಸೆ ಒಂದು ದಾರಿ ಹುಡುಕಿದರು. ಒಳಗಿನದಕ್ಕೇ ಅಂತ ಬೇರೆ ಒಂದು ಜೊತೆ ತರಿಸಿ, ಅದು ಹೊರಗಿನ ಮಣ್ಣು ಮುಟ್ಟಿಲ್ಲ ಅಂತ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿ ಕೊಟ್ಟರು. ದೊಡ್ಡಮ್ಮ ಈಗ ಪಡಸಾಲೆ, ಹಿತ್ತಿಲಲ್ಲಿ ಹಾಕಿಕೊಂಡು ಓಡಾಡುತ್ತಾರೆ. ಅಡುಗೆಮನೆ ಬಾಗಿಲ ಹತ್ತಿರ ಮಾತ್ರ ಬಿಡುತ್ತಾರೆ. ರಾತ್ರಿ ಮಲಗುವ ಮುಂಚೆ ಮೊಮ್ಮಗಳು ಮೊಬೈಲ್ ಟಾರ್ಚ್ ಹಾಕಿ ಎರಡೂ ಅಂಗಾಲು, ಬೆರಳ ಸಂದು ನೋಡುತ್ತಾಳೆ. ಸ್ಕ್ಯಾನಿಂಗ್ ಚೀಟಿ ಈಗ ಮೊಳೆಗೆ ನೇತುಹಾಕಿದ ಕವರಿನಲ್ಲಿ, ಶುಗರ್ ಚೀಟಿಯ ಮೇಲೇ ಇದೆ.